ಎರಡನೆಯ ಪೆಟ್ಟಿಗೆ

ಹೋದ ವರ್ಷ ನಡೆದದ್ದಿದು. ವನಗೂರಿನ ಎಸ್ಟೇಟ್ ಆಫೀಸಿನ ಸರ್ವರ್ ಕೋಣೆಯಲ್ಲಿ ನೆಟ್‌ವರ್ಕ್ ಕಾಯುವ ಎರಡು ಫೈರ್‌ವಾಲ್ ಪೆಟ್ಟಿಗೆ ಕೂರಿಸಲು ಸುಮನಾ ಹೋಗಿದ್ದಳು. ಒಂದು ನಿಂತರೆ ಇನ್ನೊಂದು ತಾನಾಗಿಯೇ ಅದರ ಕೆಲಸ ವಹಿಸಿಕೊಳ್ಳಬೇಕು. ನೋಡೋಣವೆಂದು ಮೊದಲನೆಯದರ ಕರೆಂಟ್ ವೈರ್ ಕಿತ್ತಳು. ಎರಡನೆಯದರ ದೀಪ ಹೊತ್ತಿಕೊಂಡಿತು. ಅದೇ ಗಳಿಗೆಗೆ ಬೆನ್ನ ಹಿಂದೆ ಬಾಗಿಲಿನ ಬೀಗ ಬಿದ್ದ ಸದ್ದಾಯಿತು. ವೈರ್ ಮರಳಿ ಸಿಕ್ಕಿಸಿದರೂ ಬಾಗಿಲು ತೆರೆಯಲಿಲ್ಲ. ಕೋಣೆ ತಣ್ಣಗಾಗುತ್ತಾ ಬಂತು.

ಇಂಟರ್‌ಕಾಮಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿಲ್ವೆಸ್ಟರ್ ಸಿಕ್ಕರು.

“ಬಾಗಿಲು ತೆಗೀರಿ, ನಾನು ಸುಮನಾ. ಒಳಗೆ ಸಿಕ್ಕಾಕ್ಕೊಂಡಿದ್ದೀನಿ.”

“ತಮಾಷೆ ಮಾಡ್ಬೇಡಿ ಕಣ್ರೀ. ಸುಮನಾ ಮೇಡಂ ಇಲ್ಲೇ ಕಾಫಿ ಕುಡೀತಾ ಅವ್ರೆ.”

ಆ ಕಡೆಯಿಂದ ಅವಳದೇ ದನಿ ಕೇಳಿತು: “ಯಾರಂತೆ?”

ಅವಳು ಮೂರು ಗಂಟೆ ಹೊತ್ತು ಬಾಗಿಲು ಬಡಿದ ಮೇಲೆ ತೋಟದ ಆಳುಗಳು ಬಾಗಿಲು ಒಡೆದರು. ಅಷ್ಟರಲ್ಲಿ ಎಸ್ಟೇಟಿನ ಜೀಪು ಸುಮನಾಳನ್ನು ಕುಂದೂರಿನ ಅವಳ ಮನೆಗೆ ಬಿಟ್ಟು ವಾಪಸು ಬಂದಿತ್ತು.