ಬ್ಲೂ ರಿಬ್ಬನ್ ಸೇರಲು ಹೊರಟವಳು

"ಕೈ ಹಿಡ್ಕೊ ನೀಲ್ಸ್! ಮೊದ್ಲು ಯಾರ ಕೈ ಸಿಗ್ತದೋ ಅದೇ! ನೂರು ಎಣಿಸೋ ತನಕ ಬಿಡಬಾರ್ದು!"

ಹಿಂದಿನಿಂದ ಪ್ಯಾಟ್ರಿಶಿಯಾ ಇಂಗ್ಲಿಷಿನಲ್ಲಿ ಕೂಗಿದಳು. ಜೊತೆಗೆ ಏಳೆಂಟು ಹುಡುಗಿಯರ ನಗು.

ನೀಲಾಂಬಿಕಾಳ ಕಣ್ಣಿಗೆ ದುಪಟ್ಟಾ ಬಿಗಿದಿತ್ತು. ಕಾಲೇಜಿನ ಕಾರಿಡಾರಿನಲ್ಲಿ ಎರಡೂ ಕೈ ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಬೆರಳಿಗೆ ಏನೋ ತಗುಲಿತು. ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ ಹಿಡಿದುಬಿಟ್ಟಳು.

'ಅಯ್ಯೋ ದೇವರೇ... ಇದು ಗಂಡಸರ ಕೈ!'

ಬಿಟ್ಟರೆ ಪರೀಕ್ಷೆಯಲ್ಲಿ ಸೋತಂತೆ. ಹೆದರಿಕೆಗೆ ಇಂಗ್ಲಿಷ್ ಮರೆತೇಹೋಯಿತು.

"ಒಂದು... ಎರಡು... ಮೂರು..."

ಮೂವತ್ತೇಳಕ್ಕೆ ಬರುವಷ್ಟರಲ್ಲಿ ಅಂಗೈ ಬೆವೆತು ಲೆಕ್ಕ ತಪ್ಪಿತು.

"ಮೂವತ್ತೆಂಟು," ಎಂದಿತು ಎದುರಿನ ದನಿ, ಮೆಲ್ಲಗೆ.

ಅವಳು ಬೆಚ್ಚಿದಳು. "ನೀವು... ಕನ್ನಡದವ್ರೇನ್ರಿ?"

"ಹೌದು. ಮೊದ್ಲು ಎಣಿಸಿ. ನಿಲ್ಲಿಸಿದ್ರೆ ಪುನಃ ಒಂದರಿಂದ ಶುರು ಮಾಡಿಸ್ತಾರೆ ಅವ್ರು. ಹೆದರ್ಬೇಡಿ, ನಾನು ಕೈ ಎಳ್ಕೊಳ್ಳುದಿಲ್ಲ."

ಇಬ್ಬರೂ ಸೇರಿ ನೂರು ಮುಗಿಸಿದರು. ಬಟ್ಟೆ ಬಿಚ್ಚಿದಾಗ ಎದುರಿಗೆ ಕನ್ನಡಕದ ಒಬ್ಬ ಸಣಕಲ ಹುಡುಗ. ಅವಳಿಗಿಂತ ಹೆಚ್ಚು ನಾಚಿದ್ದವನು ಅವನೇ. ಕಿವಿ ಕೆಂಪಗಾಗಿತ್ತು!

ಎರಡನೇ ವರ್ಷದ ಸೆಡ್ರಿಕ್.

ಅದು ಎರಡು ಸಾವಿರದ ಐದರ ನವೆಂಬರ್. ನೀಲಾಂಬಿಕಾ ಬಾಗಲಕೋಟೆಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಮುಗಿಸಿ ದುಬೈಗೆ ಬಂದು ಮೂರೇ ತಿಂಗಳಾಗಿತ್ತು. ಅಪ್ಪ ಎಲೆಕ್ಟ್ರಿಕಲ್ ಫೋರ್‌ಮನ್. ಮನೆ ಅಲ್ ನಹ್ದಾ ಬಡಾವಣೆಯಲ್ಲಿ. ಕಾಲೇಜಿನ ಉಳಿದವರೆಲ್ಲ ಇಲ್ಲಿನ ಶಾಲೆಗಳಲ್ಲೇ ಒಟ್ಟಿಗೆ ಬೆಳೆದವರು. ಯಾವ ಮೇಜಿನ ಹತ್ತಿರ ಹೋದರೂ ಮಾತು ನಿಂತುಹೋಗುತ್ತಿತ್ತು. ಕೊನೆಗೆ ಮೆಟ್ಟಿಲ ಮೇಲೆ ಕೂತು ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಒಬ್ಬಳೇ ತಿನ್ನುವುದು ರೂಢಿಯಾಗಿತ್ತು.

ಕ್ಯಾಂಟೀನಿನ ಕಿಟಕಿಯ ಪಕ್ಕದ ದೊಡ್ಡ ಮೇಜು ಮಾತ್ರ ಸದಾ ಗಿಜಿಗುಡುತ್ತಿತ್ತು. ಅದು 'ಬ್ಲೂ ರಿಬ್ಬನ್' ಹುಡುಗಿಯರ ಮೇಜು. ಹನ್ನೆರಡು ಜನ. ಒಟ್ಟಿಗೆ ಬರುವವರು, ಒಟ್ಟಿಗೆ ಹೋಗುವವರು, ಒಬ್ಬಳಿಗೆ ಜ್ವರ ಬಂದರೆ ಹನ್ನೊಂದು ಜನ ನೋಟ್ಸ್ ಬರೆದುಕೊಡುವವರು. ಹೊಸಬರು ಸೇರಬೇಕಾದರೆ ಮೂರು ಪರೀಕ್ಷೆ ಗೆಲ್ಲಬೇಕು. ಗೆದ್ದವಳ ಕೈಗೆ ಮೂರನೇ ವರ್ಷದ ಪ್ಯಾಟ್ರಿಶಿಯಾ ನೀಲಿ ರಿಬ್ಬನ್ ಕಟ್ಟುತ್ತಾಳೆ.

'ಇಲ್ಲಿ ಸೇರದಿದ್ರ ಮೂರು ವರ್ಷ ಮೆಟ್ಟಿಲ ಮ್ಯಾಲೇನ...' ಎಂದು ನೀಲಾಂಬಿಕಾಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೊದಲ ಪರೀಕ್ಷೆ ಗೆದ್ದಿದ್ದಳು. ಎರಡನೆಯದು ಕ್ಯಾಂಟೀನಿನಲ್ಲಿ ಕುರ್ಚಿ ಹತ್ತಿ ಹಾಡುವುದು. ನಡುಗುತ್ತ ಹಾಡಿದಳು. ಎಲ್ಲರೂ ನಕ್ಕಾಗ ಮೂಲೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ. ಸೆಡ್ರಿಕ್!

ಅಂದಿನಿಂದ ಬಸ್ ಸ್ಟಾಪಿನಲ್ಲಿ ಅವನು ಜೊತೆಗಿರುತ್ತಿದ್ದ. ಅವನ ಅಮ್ಮ ಮಗ್ದಲೀನ್ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲೇ ಖಾಲಿದಿಯಾ ಬಡಾವಣೆಯ ಸಣ್ಣ ಫ್ಲಾಟಿನಲ್ಲಿ ಇರುತ್ತಿದ್ದರು. ಇವನು ಓದಿಗಾಗಿ ದುಬೈಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ. ಚಿಕ್ಕಪ್ಪನ ಮಗಳು ಜೋಯ್ಲಿನ್ ನೀಲಾಂಬಿಕಾಳ ಕ್ಲಾಸಿನವಳೇ.

"ನಿಮ್ಮ ಹೆಸರು ಪೂರ್ತಿ ಚಂದ ಉಂಟು. ನೀಲ್ಸ್ ಅಂತ ಯಾಕೆ ಕರೆಸ್ಕೊಳ್ತೀರಿ?" ಎಂದು ಒಂದು ದಿನ ಕೇಳಿದ.

"ಅವ್ರಿಗೆ ಉದ್ದ ಆಗ್ತದಂತ್ರಿ."

"ನಂಗೆ ಉದ್ದ ಆಗುದಿಲ್ಲ, ನೀಲಾಂಬಿಕಾ."

ಅವಳ ಮುಖ ಬಿಸಿಯಾಯಿತು. ಆ ಸಂಜೆ ಬಸ್ ಬೇಗ ಬಂದುಬಿಟ್ಟಿತೆಂದು ಮೊದಲ ಸಲ ಬೇಸರವಾಯಿತು...

ಗುರುವಾರ, ಶುಕ್ರವಾರ ಕಾಲೇಜಿಗೆ ವಾರದ ರಜೆ. ಆ ಗುರುವಾರವೇ ಮೂರನೇ ಪರೀಕ್ಷೆ.

ಪ್ಯಾಟ್ರಿಶಿಯಾಳ ಕಾರು ಡೇರಾದ ಅಬ್ರಾ ದೋಣಿಗಳ ಕಟ್ಟೆಯ ಎದುರಿನ ರಸ್ತೆಯಲ್ಲಿ ನಿಂತಿತ್ತು. ಒಳಗೆ ಐದು ಜನ.

"ಸೆಡ್ರಿಕ್‌ಗೆ ಮೆಸೇಜ್ ಮಾಡು. ಅಬ್ರಾ ಕಟ್ಟೆಯಲ್ಲಿ ಒಬ್ಬಳೇ ಇದ್ದೇನೆ, ಭಯ ಆಗ್ತದೆ, ಬಾ ಅಂತ. ಬಂದು ಹುಡುಕ್ತಾನಲ್ಲ, ಹತ್ತು ನಿಮಿಷ ನೋಡೋಣ. ಆಮೇಲೆ ಎಲ್ಲರೂ ಇಳಿದು ನಗೋಣ. ಜಸ್ಟ್ ಫನ್!" ಎಂದಳು ಪ್ಯಾಟ್ರಿಶಿಯಾ.

"ಬ್ಯಾಡ ಪ್ಯಾಟ್... ಅವ್ರು ಒಳ್ಳೇವ್ರು."

"ಅದಕ್ಕೇ ಬರ್ತಾನೆ. ನಿಂಗೆ ರಿಬ್ಬನ್ ಬೇಡ್ವಾ? ಹೇಳು, ಮನೆಗೆ ಬಿಡ್ತೇನೆ."

ನಾಲ್ಕು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು. 'ಹತ್ತೇ ನಿಮಿಷ... ಆಮ್ಯಾಲೆ ಕ್ಷಮಾ ಕೇಳಿದ್ರಾತು...'

ಅವಳೇ ಟೈಪ್ ಮಾಡಿದಳು. ಅವಳೇ ಕಳಿಸಿದಳು. ಪ್ಯಾಟ್ರಿಶಿಯಾ ಫೋನ್ ಇಸಿದುಕೊಂಡು ಆಫ್ ಮಾಡಿದಳು.

ಇಪ್ಪತ್ತು ನಿಮಿಷದಲ್ಲಿ ಸೆಡ್ರಿಕ್ ಓಡುತ್ತಾ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬೆನ್ನಿಗೆ ಬ್ಯಾಗು. ಕಟ್ಟೆಯ ಆ ತುದಿಯಿಂದ ಈ ತುದಿಗೆ ಓಡಿದ. ದೋಣಿಯವರನ್ನು ಕೇಳಿದ. ಅಂಗಡಿಗಳಿಗೆ ಹೋಗಿ ಕೈಯಲ್ಲಿ ಅವಳ ಎತ್ತರ ತೋರಿಸಿ ವಿಚಾರಿಸಿದ. ಫೋನ್ ಕಿವಿಗಿಟ್ಟು, ತೆಗೆದು, ಮತ್ತೆ ಇಟ್ಟ.

ಕಾರಿನಲ್ಲಿ ನಗು ಉಕ್ಕಿತು.

"ಹತ್ತು ನಿಮಿಷ ಆತು! ಇಳೀನು ಬಾ!" ಎಂದಳು ನೀಲಾಂಬಿಕಾ.

"ಇನ್ನೂ ಐದು, ಪ್ಲೀಸ್!"

ಐದು ಹತ್ತಾಯಿತು. ಹತ್ತು ಅರ್ಧ ಗಂಟೆಯಾಯಿತು. ಬಿಳಿ ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಈಗ ಕಾರಿನಲ್ಲಿ ಯಾರೂ ನಗುತ್ತಿರಲಿಲ್ಲ. ಆದರೆ ಮೊದಲು ಇಳಿಯುವ ಧೈರ್ಯವೂ ಯಾರಿಗೂ ಇರಲಿಲ್ಲ. ನೀಲಾಂಬಿಕಾಳ ಬದಿಯ ಬಾಗಿಲಿಗೆ ಲಾಕ್ ಹಾಕಿರಲಿಲ್ಲ. ಅವಳ ಕೈ ಹಿಡಿಕೆಯ ಮೇಲೇ ಇತ್ತು. ಆ ಕೈ ಅಲುಗಲಿಲ್ಲ!

ಒಂದು ಗಂಟೆಯ ಮೇಲೆ ಪ್ಯಾಟ್ರಿಶಿಯಾ ಸುಮ್ಮನೆ ಕಾರು ತಿರುಗಿಸಿದಳು.

ಶನಿವಾರ ಕಾಲೇಜಿನ ಗೇಟಿನಲ್ಲೇ ಜೋಯ್ಲಿನ್ ಅಡ್ಡ ನಿಂತಳು. ಅತ್ತು ಕಣ್ಣು ಬಾತಿದ್ದವು.

"ಗುರುವಾರ ದೊಡ್ಡಮ್ಮ ಊರಿಗೆ ಹೋದ್ರು, ಗೊತ್ತುಂಟಾ? ಇಪ್ಪತ್ತೆರಡು ವರ್ಷ ಡ್ಯೂಟಿ ಮಾಡಿ, ವೀಸಾ ಕ್ಯಾನ್ಸಲ್ ಆಗಿ, ಖಾಯಂ ಆಗಿ ಹೊರಟದ್ದು. ಅಬುಧಾಬಿ ಏರ್‌ಪೋರ್ಟ್ ಬಾಗಿಲಲ್ಲಿ ಕೊನೇ ತನಕ ನಿಂತಿದ್ರು. ಸೆಡ್ರಿಕ್ ತಲುಪುವಾಗ ಒಳಗೆ ಹೋಗಿಯಾಗಿತ್ತು. ಏನಾಯ್ತು ಕೇಳಿದ್ರೆ ಮಾತೇ ಇಲ್ಲ. ಅವನ ಫೋನಲ್ಲಿ ನಿನ್ನ ಮೆಸೇಜ್ ನೋಡಿದೆ."



ಮಧ್ಯಾಹ್ನ ಕಿಟಕಿಯ ಮೇಜಿನ ಸುತ್ತ ಹನ್ನೆರಡು ಹುಡುಗಿಯರು ನಿಂತಿದ್ದರು. ಪ್ಯಾಟ್ರಿಶಿಯಾ ರಿಬ್ಬನ್ ಹಿಡಿದು, "ಕೈ ಕೊಡು," ಎಂದಳು.

ನೀಲಾಂಬಿಕಾ ಕೈ ಹಿಂದೆ ಕಟ್ಟಿಕೊಂಡಳು. "ಅವತ್ತು ಅವ್ರ ಅವ್ವ ದೇಶ ಬಿಟ್ಟು ಹೋದ್ರು. ಮಗನ ಮುಖ ನೋಡದ ಹೋದ್ರು. ನಾ ಕಾರಿನ್ಯಾಗ ಕುಂತಿದ್ದೆ. ನಂಗಿದು ಬ್ಯಾಡ."

ಪ್ಯಾಟ್ರಿಶಿಯಾಳ ಮುಖ ಬಿಳಿಚಿತು. "ನಂಗೆ ಗೊತ್ತಿರ್ಲಿಲ್ಲ ನೀಲ್ಸ್... ನನ್ನ ಹತ್ರಾನೂ ಸೀನಿಯರ್‌ಗಳು ಹೀಗೇ ಮಾಡಿಸಿದ್ರು..."

"ನಂಗೂ ಗೊತ್ತಿರ್ಲಿಲ್ಲ. ಆದ್ರ ನಾ ಇಳೀಬೇಕಿತ್ತು."

ಲೈಬ್ರರಿಯ ಹೊರಗೆ ಸೆಡ್ರಿಕ್ ಕೂತಿದ್ದ. ನಡೆದದ್ದನ್ನೆಲ್ಲ ಅವಳು ಹೇಳಿದಳು. ಕಾರು, ರಿಬ್ಬನ್, ಲಾಕ್ ಹಾಕದ ಬಾಗಿಲು... ಏನನ್ನೂ ಮುಚ್ಚಿಡಲಿಲ್ಲ.

ಅವನು ಕೊನೆಯವರೆಗೆ ಕೇಳಿದ.

"ಖಲಾಸ್," ಎಂದ. ಅಷ್ಟೇ. ಎದ್ದು ಹೋದ.

ಹನ್ನೊಂದು ದಿನ ಬಸ್ ಸ್ಟಾಪಿನಲ್ಲಿ ಅವನಿಲ್ಲ. ರೊಟ್ಟಿ ಹಾಗೇ ಮನೆಗೆ ವಾಪಸಾಗುತ್ತಿತ್ತು. ಹನ್ನೆರಡನೆಯ ದಿನ ಜೋಯ್ಲಿನ್‌ಳನ್ನು ಕಾಡಿ ಬೇಡಿ ಅವನ ಅಮ್ಮನ ಊರಿನ ನಂಬರ್ ತೆಗೆದುಕೊಂಡಳು. ಫೋನ್ ಕಾರ್ಡ್ ಹಿಡಿದು ಕಾಲೇಜಿನ ಎದುರಿನ ಬೂತಿಗೆ ಹೋದಳು. ಮೂರು ಸಲ ನಂಬರ್ ತಪ್ಪಿ ಒತ್ತಿದಳು.

"ಆಂಟಿ... ನೀವು ನನ್ನ ನೋಡಿಲ್ಲ. ಅವತ್ತು ನಿಮ್ಮ ಮಗ ಬರ್ಲಿಲ್ಲಲ್ಲ... ಅದಕ್ಕ ನಾನ ಕಾರಣರಿ. ಸುಳ್ಳು ಮೆಸೇಜ್ ಕಳಿಸಿ ಕರದಿದ್ದೆ."



"ಟ್ರಾಫಿಕ್ ಅಂತ ಹೇಳಿದ ನಂಗೆ," ಎಂದರು ಮಂಗಳೂರಿನ ಆ ತುದಿಯಿಂದ ಮಗ್ದಲೀನ್. ದನಿ ಒದ್ದೆಯಾಗಿತ್ತು. "ಅಮ್ಮನ ಹತ್ರ ಈ ತನಕ ಸುಳ್ಳು ಹೇಳಿದವನಲ್ಲ ಅವನು. ನಿನ್ನ ಹೆಸರು ಬರಬಾರದು ಅಂತ ಹೇಳಿದ್ದು ಕಾಣ್ತದೆ... ನಂಗೆ ನೋವಾಗಿದೆ ಮಗಾ. ಇಲ್ಲ ಅಂತ ಹೇಳುದಿಲ್ಲ. ಆದ್ರೆ ನೀನೇ ಫೋನ್ ಮಾಡಿದಿಯಲ್ಲ... ಊಟ ಮಾಡಿದಿಯಾ?"

ರಿಸೀವರ್ ಎದೆಗೊತ್ತಿ ನೀಲಾಂಬಿಕಾ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸಂಜೆ. ಅವಳ ಬಸ್ ಬಂತು. ಹತ್ತಲು ಕಾಲೆತ್ತಿದಾಗ ಯಾರೋ ಹೆಸರು ಕರೆದರು. ಪೂರ್ತಿ ಹೆಸರು.

"ನೀಲಾಂಬಿಕಾ!"

ಬಸ್ ಅವಳನ್ನು ಬಿಟ್ಟು ಹೋಯಿತು.

ಸೆಡ್ರಿಕ್ ಒಂದು ಮಾರು ದೂರದಲ್ಲಿ ನಿಂತಿದ್ದ. "ಅಮ್ಮನಿಗೆ ಫೋನ್ ಮಾಡಿದ್ರಂತೆ."

"ಹೌದ್ರಿ. ತಪ್ಪಾತೇನು?"

"ಇಲ್ಲ. ನಿನ್ನೆ ಒಂದು ಗಂಟೆ ಮಾತಾಡಿದೆವು ನಾವು. ಇಬ್ಬರೂ ಅತ್ತೆವು. ಡಿಸೆಂಬರಿಗೆ ಊರಿಗೆ ಬಾ ಅಂದ್ರು." ಅವನು ಕನ್ನಡಕ ತೆಗೆದು ಒರೆಸಿದ. "ನಿಮ್ಮ ಮೇಲೆ ಕೋಪ ಇತ್ತು. ಇನ್ನೂ ಸ್ವಲ್ಪ ಉಂಟು."

"ಇರ್ಲಿ ಬಿಡ್ರಿ. ಇರಬೇಕು."

"ಒಂದು ಮಾತು ಹೇಳ್ಬೇಕು. ಅರ್ಧ ಗಂಟೆ ಹುಡುಕಿದ ಮೇಲೆ ನಂಗೆ ಡೌಟ್ ಬಂದಿತ್ತು. ಇದು ಬ್ಲೂ ರಿಬ್ಬನ್‌ನವರ ಆಟ ಅಂತ."

ಅವಳು ತಲೆಯೆತ್ತಿದಳು. "ಮತ್ತ ಯಾಕ ಹೋಗ್ಲಿಲ್ಲ?!"

"ಒಂದು ವೇಳೆ ನಿಜ ಆಗಿದ್ರೆ?"

ಅವನು ಕನ್ನಡಕ ಮತ್ತೆ ಹಾಕಿಕೊಂಡ.

"ಆಟ ಆಗಿದ್ರೆ ನಾನು ಪೆದ್ದ ಆಗ್ತೇನೆ, ಅಷ್ಟೇ. ನಿಜ ಆಗಿದ್ದು ನಾನು ಹೋಗಿಬಿಟ್ಟಿದ್ರೆ... ಆಮೇಲೆ ನಾನು ಬದುಕೋದು ಹೇಗೆ, ಹೇಳಿ? ಅಷ್ಟು ಇಷ್ಟ ನೀವು ನಂಗೆ."

ಕಣ್ಣೀರು ಗಲ್ಲಕ್ಕಿಳಿದರೂ ಅವಳು ಒರೆಸಿಕೊಳ್ಳಲಿಲ್ಲ. "ನಂಗೂ ನೀವಂದ್ರ ಭಾಳ ಇಷ್ಟ. ಆ ಕಾರಿನ್ಯಾಗ ಕುಂತಾಗನ ಗೊತ್ತಾತು. ಗೊತ್ತಾದ್ರೂ ಇಳೀಲಿಲ್ಲ ನಾ... ಇನ್ನ ನಾ ಕರದ್ರ ನಂಬ್ತೀರೇನು?"

ಅವನ ಕಿವಿ ಮತ್ತೆ ಕೆಂಪಾಗುತ್ತಿತ್ತು.

"ಕರೆದು ನೋಡಿ."

ಇಷ್ಟು ದಿನ 'ಬರ್ರಿ' ಎಂದೇ ಕರೆದಿದ್ದಳು. ಈಗ ಹೆದರುತ್ತಲೇ, ಆ ಗೌರವವನ್ನೂ ಬದಿಗಿಟ್ಟಳು.

"ಬಾ, ಸೆಡ್ರಿಕ್..."

"ಬಂದೆ," ಎಂದ ಅವನು. ನಡುವಿನ ಆ ಒಂದು ಮಾರು ದಾರಿ ನಡೆದು ಬಂದ.