ಕಂದಕ ಹುಡುಕಿದ ಹುಡುಗ

ಮಾವಿನ ಸಸಿ ನೆಡಬೇಕು, ಮನೆಯ ಹಿಂದೆ ಗುಂಡಿ ತೆಗೆದುಕೊಡು ಎಂದು ಮಾನ್ಯ ಕೇಳಿದರೆ ತಿಮ್ಮೇಶ್ ಅವಳ ಮನೆಯ ಮುಂದೆ ತೆಗೆದಿದ್ದ. ಅದೂ ಎಂಥ ಗುಂಡಿ ಅಂತೀರಿ, ಒಳಗೆ ಕುಳಿತವನ ತಲೆ ಮಾತ್ರ ಹೊರಗೆ ಕಾಣುತ್ತಿತ್ತು.

"ಇದು ಮಾವಿಗೋ, ಆನೆ ಕೆಡವಕ್ಕೋ?" ಮಾನ್ಯ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಬೇರು ಒಸಿ ಆಳಕ್ಕೆ ಇಳೀಲಿ ಅಂತ," ಎಂದು ಅವನು ಕೆಳಗಿನಿಂದ ನಕ್ಕ. ಮೂಗಿನ ತುದಿಗೆ ಮಣ್ಣು ಮೆತ್ತಿತ್ತು. ಒರೆಸಿಬಿಡೋಣ ಎನಿಸಿ ಅವಳ ಸಿಟ್ಟು ಅರ್ಧ ಇಳಿಯಿತು. ಆದರೆ ಒರೆಸುವ ಹಾಗಿರಲಿಲ್ಲ.

ಕೂಟಗಲ್ಲೆಂಬ ಊರಿನ ಆಚೆಗಿರುವ ಅವರ ಊರಿಗೆ ಪಾಳೇಗಾರರ ಕಾಲದ ಕೋಟೆಯಿತ್ತು. ಈಗ ಉಳಿದಿರುವುದು ಒಂದು ಬುರುಜು, ಕದವಿಲ್ಲದ ಹೆಬ್ಬಾಗಿಲು, ಮೂರು ಕಡೆ ಕುರಿ ಮೇಯುವ ಕಂದಕ. ಜೊತೆಗೊಂದು ಹಳೆಯ ಕಟ್ಟಳೆ: ಕಂದಕದ ಒಳಗಿನವರೆಲ್ಲ ಅಣ್ಣತಂಗಿಯರು, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ತಿಮ್ಮೇಶನ ಮನೆ ಬುರುಜಿನ ಪಕ್ಕ, ಒಳಗೇ. ಮಾನ್ಯಳದು ಪೂರ್ವದ ತೋಟದ ಮನೆ, ಕೋಟೆಗೆ ಮುಖ ಮಾಡಿದ್ದು. ಕೋಟೆ ಹಾಳಾಗಿ ಎಷ್ಟೋ ಕಾಲದ ಮೇಲೆ ಯಾರೋ ಸಾಹುಕಾರರು ಕಂಬದ ಜಗಲಿಯಿಟ್ಟು ಕಟ್ಟಿಸಿ, ಅವಳ ತಾತನಿಗೆ ಮಾರಿದ್ದರು. ಪೂರ್ವದ ಕಂದಕ ಮುಚ್ಚಿಹೋಗಿ ಎಲ್ಲಿತ್ತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ತೋಟದ ಮನೆ ಒಳಗಿನದೇ ಎಂದು ಊರು ಹೇಳಿಬಿಟ್ಟಿತ್ತು.

ಹಾಗಾಗಿ ಹುಟ್ಟಿದಾಗಿನಿಂದ ಅವನು ಅವಳಿಗೆ ತಿಮ್ಮೇಶಣ್ಣ. ಈಚೆಗೆ ಆ 'ಅಣ್ಣ' ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವಳು ಅವನನ್ನು ಕರೆಯುವುದನ್ನೇ ಬಿಟ್ಟಿದ್ದಳು.

ಮುಂದಿನ ವಾರ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ನೇರ ಬಂದವನು ಇನ್ನೊಂದು ಗುಂಡಿ ತೆಗೆದ. ಅದೂ ಮುಂದೆಯೇ. ಮಾನ್ಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು.

"ನಿಜ ಹೇಳು. ಏನು ಹುಡುಕ್ತಾ ಇದ್ದೀಯ? ನಿಧೀನಾ?"

"ಹೂಂ ಅನ್ಕೋ."

"ನಮ್ಮ ಜಮೀನಲ್ಲಿ ಸಿಕ್ಕಿದ್ದು ನಂದು."

"ಸಿಕ್ರೆ ನಿಂದೇ." ಅವನು ಹಾರೆ ಊರಿ ನಿಂತ. ಕಿವಿ ಕೆಂಪಾಗಿತ್ತು. "ಕಂದಕ ಹುಡುಕ್ತಾ ಇವ್ನಿ ಕಣೆ. ನಮ್ಮನೆಗೂ ನಿಮ್ಮನೆಗೂ ಮಧ್ಯ ಸಿಕ್ಬುಟ್ರೆ ನೀವು ಆಚೆಯೋರು. ನೀನು ನಂಗೆ ತಂಗಿ ಅಲ್ಲ."

ಇಷ್ಟು ದಿನ ಮಾನ್ಯ ತಾನೊಬ್ಬಳೇ ಒದ್ದಾಡುತ್ತಿದ್ದೇನೆ ಎಂದುಕೊಂಡಿದ್ದಳು. ಖುಷಿಗೆ ಕಣ್ಣು ತುಂಬಿತು, ಹಿಂದೆಯೇ ನಗು ಬಂತು.

"ಒಬ್ನೇ ಅಗೆದ್ರೆ ಯಾವ ಕಾಲಕ್ಕೆ ಸಿಕ್ತದೆ?" ಎಂದು ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಗುದ್ದಲಿ ಹಿಡಿದು ಇಳಿದಳು.

ಆಷಾಢವೆಲ್ಲ ಅಗೆದರು. ಗುಂಡಿಗೆ ಗುಂಡಿ ಕೂಡಿ, ತೋಟದ ಈ ಬದುವಿನಿಂದ ಆ ಬದುವಿನವರೆಗೆ ಉದ್ದ ಕಾಲುವೆಯೇ ಆಯಿತು. ಊರವರು ಕೇಳಿದರೆ ಡ್ರಿಪ್ ಪೈಪಿಗೆ ಎನ್ನುತ್ತಿದ್ದರು. ಮಣ್ಣು ತುಂಬಿದ ಮಂಕರಿ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಕುತ್ತಿತ್ತು. ಮಂಕರಿ ಹೋದ ಮೇಲೂ ಬೆರಳು ಅಲ್ಲೇ ಇರುತ್ತಿತ್ತು.

ಕೊನೆಗೆ ಎಲ್ಲೆಲ್ಲೂ ಠಣ್ ಎಂದದ್ದು ಹುಟ್ಟುಬಂಡೆ. ಅಲ್ಲಿ ಯಾವ ಕಾಲದಲ್ಲೂ ಕಂದಕ ಇದ್ದಿರಲು ಸಾಧ್ಯವಿರಲಿಲ್ಲ. ಇದ್ದದ್ದೇನಿದ್ದರೂ ತೋಟದ ಮನೆಯ ಹಿಂದೆ. ಊರು ಹೇಳಿದ್ದೇ ಸರಿ.

"ಆಯ್ತು ಬುಡು," ಎಂದು ತಿಮ್ಮೇಶ್ ಹಾರೆ ಕೆಳಗಿಟ್ಟ. ಅವನ ದನಿ ಒಡೆದಿತ್ತು.

ಅದೇ ಹೊತ್ತಿಗೆ ಅವನ ಅಜ್ಜಿ ಸಿದ್ದಮ್ಮ ಕೋಲೂರಿಕೊಂಡು ಕೋಟೆ ಕಡೆಯ ಅಂಚಿಗೆ ಬಂದು ನಿಂತಳು. ಹೆಣ್ಣು ಕೊಟ್ಟು ತರುವ ವಿಚಾರದಲ್ಲಿ ಊರಿಗೆ ಅವಳದೇ ಕೊನೆಯ ಮಾತು.

"ಏನ್ಲಾ ಇದು?"

ತಿಮ್ಮೇಶ್ ತಲೆ ತಗ್ಗಿಸಿದ. ಮಾನ್ಯಳೇ ಬಾಯಿಬಿಟ್ಟಳು. "ಕಂದಕ ಹುಡುಕಿದ್ವಿ ಅಜ್ಜಿ. ಸಿಗ್ಲಿಲ್ಲ. ಅದಕ್ಕೆ ನಾವೇ ತೋಡ್ಬುಟ್ವಿ."

ಸಿದ್ದಮ್ಮ ಕಾಲುವೆಯನ್ನು ಉದ್ದಕ್ಕೂ ನೋಡಿದಳು. ಆಮೇಲೆ ಬೊಬ್ಬೆಯೆದ್ದ ಇಬ್ಬರ ಅಂಗೈಗಳನ್ನು ನೋಡಿದಳು.

"ಆ ಕಂದಕ ಯಾರು ತೋಡಿದ್ರೋ ನಾ ಕಾಣೆ. ಇದ್ನ ತೋಡಿದೋರ್ನ ಕಣ್ಣಾರೆ ಕಂಡಿವ್ನಿ," ಎಂದವಳು ಕೋಲನ್ನು ಮೊಮ್ಮಗನಿಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದಳು.

"ಕೈ ಕೊಡಮ್ಮಿ, ದಾಟಿಸು. ಕಂದಕದ ಆಚೆ ಮನೇಲಿ ಹೆಣ್ಣು ಕೇಳ್ಬೇಕು. ನಿಮ್ಮಪ್ಪ ಮನೇಲವ್ನಾ?"