ಶಕ್ತಿ ಗುಳಿಗೆ

ಚನ್ನಬಸವರಾಜನ ನೆಮ್ಮದಿ ಕೆಡಿಸಿದವರು ಮೂವರು. ಬಳ್ಳಾರಿಯ ಅಂಚಿನಲ್ಲಿ ಅವನು ನಡೆಸುತ್ತಿದ್ದ ವೃದ್ಧಾಶ್ರಮದಲ್ಲಿ ಕುರುಗೋಡಿನ ಜಡೆಪ್ಪ ದಿನವಿಡೀ ಮಿರ್ಚಿ ಬಜ್ಜಿ ಬೇಕೆಂದು ಕೂಗುತ್ತಿದ್ದ. ದೇಶನೂರಿನ ಎರ್ರಮ್ಮ ಅನ್ನ ಮುದ್ದೆಯಾಗಿದೆಯೆಂದು ತಟ್ಟೆ ಬಡಿಯುತ್ತಿದ್ದಳು. ಅವರಿಬ್ಬರನ್ನೂ ಸುಮ್ಮನಿರಿಸಲು ಹೋಗುವ ಶಾಹಜಾನಬಿಯ ಗಂಟಲು ಎಲ್ಲಕ್ಕಿಂತ ಜೋರು. ಇವರನ್ನು ಸಂಭಾಳಿಸಲು ಇನ್ನಿಬ್ಬರು ಆಯಾಗಳು ಬೇಕಿತ್ತು. ಗುಳಿಗೆ ಆಯಾಗಳಿಗಿಂತ ಅಗ್ಗ.

ಸಿರುಗುಪ್ಪದ ಡಾಕ್ಟರು ಯಾರ ಮುಖವನ್ನೂ ನೋಡದೆ ಫೋನಿನಲ್ಲೇ ಔಷಧ ಹೇಳಿದರು. ತಲೆ ಕೆಟ್ಟು ಹೊಡೆದಾಡುವವರಿಗೆ ಕೊಡುವಂಥದ್ದು. "ಶಕ್ತಿ ಗುಳಿಗಿರಿ" ಎಂದು ಚನ್ನಬಸವರಾಜ ಕೈಗಿತ್ತಾಗ ಮೂವರೂ ನಂಬಿ ನುಂಗಿದರು. ಆಶ್ರಮ ಊಟದ ಹೊತ್ತಿನ ಸರ್ಕಾರಿ ಕಚೇರಿಯಷ್ಟು ಶಾಂತವಾಯಿತು. ತೂರಾಡುತ್ತ ನಡೆದ ಜಡೆಪ್ಪ ಬಿದ್ದು ಹಲ್ಲು ಮುರಿದುಕೊಂಡ. ಮಿರ್ಚಿಯ ತಂಟೆಯೂ ತಪ್ಪಿತೆಂದುಕೊಂಡ ಚನ್ನಬಸವರಾಜ.

ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿ ಅಂಜನಾ ಬರುತ್ತಾರೆಂಬ ಸುದ್ದಿ ಬಂತು. ಸಿಕ್ಕಿಬಿದ್ದರೆ ಆಶ್ರಮಕ್ಕೆ ಬೀಗ, ತನಗೆ ಜೈಲು. ಅವನು ಹೆದರಲಿಲ್ಲ. ಮುಂಚಿತವಾಗಿಯೇ ಗುಳಿಗೆ ನಿಲ್ಲಿಸಿ, ಉಳಿದವನ್ನು ಕಕ್ಕಸಿಗೆ ಸುರಿದ. ಹೊಸ ಚಾದರ ಹಾಸಿಸಿದ, ಜಡೆಪ್ಪನಿಗೆ ಕ್ಷೌರ ಮಾಡಿಸಿದ. ಮೂವರೂ ಮೆಲ್ಲಗೆ ಕಣ್ಣುಬಿಟ್ಟರು. ಗಲಾಟೆ ಮಾಡಿದರೆ ಇನ್ನೂ ಒಳ್ಳೆಯದು. ಇಲ್ಲಿ ಯಾರನ್ನೂ ಮಲಗಿಸಿಲ್ಲ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಕೆ? ದೂರು ಹೇಳಲು ಅವರಿಗೆ ಗೊತ್ತಿರುವುದಾದರೂ ಏನು? ಮಲಗಿದವರು ಸಾಕ್ಷಿ ಹೇಳುವುದಿಲ್ಲ.

ಅಂಜನಾ ಬಂದರು, ನೋಡಿದರು, ತೃಪ್ತಿಯಿಂದ ತಲೆಯಾಡಿಸಿದರು.

"ಏನಾದ್ರೂ ತೊಂದರಿ ಐತೇನ್ರಿ ಅಜ್ಜಿ?"

"ಅನ್ನ ಮುದ್ದಿ ಆಗ್ತೈತ್ರಿ," ಎಂದಳು ಎರ್ರಮ್ಮ. "ಉಳದಂಗ ಈ ಹುಡುಗ ಬಂಗಾರ ಅದಾನ."

ಚನ್ನಬಸವರಾಜ ವಿನಯದಿಂದ ನೆಲ ನೋಡಿದ.

ಬಳ್ಳಾರಿಯ ಬಿಸಿಲಿಗೆ ಇಡೀ ಆಶ್ರಮದಲ್ಲಿದ್ದದ್ದು ಒಂದೇ ಕೂಲರ್, ಅದೂ ಈ ಮೂವರ ಮಂಚಗಳ ಪಕ್ಕದಲ್ಲಿ. ಬೇಸಿಗೆಯುದ್ದಕ್ಕೂ ಅವನು ಅದರ ಮುಂದೆ ಕುಳಿತೇ ಫೋನು ಮಾಡುತ್ತಿದ್ದ. "ಪಾಪ, ಶೆಕಿ ತಾಳಲಾರದ ನಮ್ಮ ಹತ್ರ ಬಂದು ಕುಂದ್ರತಿದ್ದ," ಎಂದು ಶಾಹಜಾನಬಿ ಅವನ ಬೆನ್ನು ಸವರಿದಳು. "ನಮಗ ಕಣ್ಣು ತೆರಿಯಾಕ ಆಗ್ತಿರಲಿಲ್ಲ, ಕಿವಿ ಇದ್ದವಲ್ರಿ. ನಮ್ಮ ಸಲುವಾಗಿ ಡಾಕ್ಟರಿಗೆ ಎಷ್ಟು ಬೇಡ್ಕೊಂತಿದ್ದ ಅಂತೀರಿ! 'ಮುದುಕ್ರು ಮತ್ತ ಎದ್ದು ಕುಂತಾರ್ರಿ ಸಾಹೇಬ್ರ, ಒಂದು ಗುಳಿಗಿ ಸಾಲಂಗಿಲ್ಲ, ಎರಡೆರಡು ಕೊಡ್ಲೇನ್ರಿ?' ಅಂತಿದ್ದ. ಹೊಟ್ಟ್ಯಾಗ ಹುಟ್ಟಿದವ್ರೂ ಇಷ್ಟು ಕಾಳಜಿ ಮಾಡಂಗಿಲ್ಲ ನೋಡ್ರಿ."